ಬಿಸ್ಕತ್ ಡಬ್ಬಿಯಲ್ಲಿ ಉಳಿದ ನೂರನಲವತ್ತಾರು ಚೀಟಿ

2003ನೇ ಇಸವಿಯಲ್ಲಿ ನಾನು ಮಣಿಪಾಲದ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದೆ. ಆಫೀಸು ಅಂದರೆ ದೊಡ್ಡದೇನಲ್ಲ. ಜೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ ಒಂದು ಕೋಣೆ, ಮೂರು ಕಂಪ್ಯೂಟರ್, ಒಂದು ಉದ್ದ ಮೇಜು. ಮೇಜಿನ ಬಾಗಿಲ ಕಡೆಯ ತುದಿ ನನ್ನದು. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಕಾಪುವಿನಿಂದ ಬುಟ್ಟಿಯಲ್ಲಿ ಮೀನು ತಂದು ಅಲೆವೂರಿನ ಮನೆಮನೆಗೆ ಮಾರುತ್ತಿದ್ದೆ. ಕೊನೆಗೆ ಮೊಣಕಾಲು ಕೈಕೊಟ್ಟಿತು. ಅಲೆವೂರಿನಲ್ಲಿ ನನ್ನ ಹತ್ತಿರ ಬಂಗುಡೆ ತೆಗೆದುಕೊಳ್ಳುತ್ತಿದ್ದ ಸದಾನಂದ ಸರ್, "ಗುಲಾಬಿ, ಕೂತು ಮಾಡುವ ಕೆಲಸ ಉಂಟು, ಬರ್ತೀಯಾ?" ಅಂದರು. ಹೋದೆ.

ಅಲ್ಲಿ ಮಾಡುತ್ತಿದ್ದದ್ದು "ದೋಣಿ" ಅಂತ ಒಂದು ಸಿ.ಡಿ. ಅದನ್ನು ಹಾಕಿದರೆ ಕಂಪ್ಯೂಟರ್ ಕನ್ನಡದಲ್ಲಿ ನಡೆಯುತ್ತದೆ. ಒಳಗಿನ ಪ್ರೋಗ್ರಾಂ ಯಾವುದೂ ನಮ್ಮ ಆಫೀಸಿನವರೇ ಮಾಡಿದ್ದಲ್ಲ. ಯಾವ್ಯಾವುದೋ ದೇಶದವರು ಮಾಡಿ, ಯಾರು ಬೇಕಾದರೂ ತೆಗೆದುಕೊಳ್ಳಿ ಅಂತ ಬಿಟ್ಟದ್ದು. ಇವರು ಅದನ್ನು ಆರಿಸಿ, ಕನ್ನಡ ಸೇರಿಸಿ, ಒಂದಕ್ಕೊಂದು ಜಗಳವಾಡದ ಹಾಗೆ ಜೋಡಿಸಿ ಕೊಡುತ್ತಿದ್ದರು. ಹೀಗೆ ಜೋಡಿಸಿ ಕೊಟ್ಟದ್ದಕ್ಕೆ ಡಿಸ್ಟ್ರಿಬ್ಯೂಷನ್ ಅನ್ನುತ್ತಾರೆ. ಒಂದೊಂದು ಪ್ರೋಗ್ರಾಂ ಅನ್ನು ಅದಕ್ಕೆ ಬೇಕಾದ ಸಾಮಾನಿನ ಜೊತೆ ಕಟ್ಟಿಡುವುದಕ್ಕೆ ಪ್ಯಾಕೇಜ್ ಅನ್ನುತ್ತಾರೆ. ಅದನ್ನು ಕಟ್ಟುತ್ತಿದ್ದವಳು ಕಾರ್ಕಳದ ಹುಡುಗಿ ಫ್ಲೇವಿಯಾ. ಇಪ್ಪತ್ತೈದು ಇಪ್ಪತ್ತಾರು ವಯಸ್ಸು, ಕಡ್ಡಿಯ ಹಾಗೆ ಇದ್ದಳು. ಯೋಚನೆ ಬಂದರೆ ಪೆನ್ನಿನಿಂದ ಹಲ್ಲಿಗೆ ಟಕಟಕ ಹೊಡೆದುಕೊಳ್ಳುವ ಚಾಳಿ. ನಾನು ಅವಳನ್ನು ಬಾಯಮ್ಮ ಅಂತಲೇ ಕರೆಯುತ್ತಿದ್ದೆ. ಕಿರಿಸ್ತಾನರ ಮನೆಯ ಹೆಂಗಸರನ್ನು ಮೀನಿನವರು ಹಾಗೇ ಕರೆಯುವುದು.

"ಗುಲಾಬಿಯಕ್ಕ, ಸಿ.ಡಿ. ಮೀನು ವಾಸನೆ ಬರ್ತಾ ಉಂಟು" ಅನ್ನುತ್ತಿದ್ದಳು.

"ಬರಲಿ ಬಾಯಮ್ಮ, ನಿಮ್ಮ ಕಂಪ್ಯೂಟರಿಗೂ ಸ್ವಲ್ಪ ಹಸಿವಾಗಲಿ."

ನನ್ನ ಕೆಲಸ ಹೀಗೆ. ಸಿ.ಡಿ.ಯನ್ನು ಕಾಗದದ ಕವರಿಗೆ ಹಾಕಬೇಕು. ಜೊತೆಗೆ ಇಂಗ್ಲಿಷಿನ ಲೈಸೆನ್ಸ್ ಕಾಗದ ಒಂದು, ಕನ್ನಡದ ಸಣ್ಣ ಚೀಟಿ ಒಂದು. ಅಂಟು ಹಚ್ಚಿ ಮುಚ್ಚಬೇಕು. ನಾನು ಎರಡನೇ ಕ್ಲಾಸಿನವರೆಗೆ ಹೋದವಳು. ಇಂಗ್ಲಿಷ್ ಬಾರದು, ಕನ್ನಡ ಒಂದೊಂದೇ ಅಕ್ಷರ ಹಿಡಿದು ಓದುತ್ತೇನೆ. ಒಂದು ಮಧ್ಯಾಹ್ನ ಆ ಚೀಟಿ ಓದಿದೆ. "ಇದರ ಮೂಲ ಬೇಕಾದವರು ಕೇಳಿದರೆ ಕೊಡುತ್ತೇವೆ. ಈ ಮಾತು ಇಂದಿನಿಂದ ಮೂರು ವರ್ಷ ನಡೆಯುತ್ತದೆ" ಅಂತ ಇತ್ತು.

ನನಗೆ ತಲೆ ಕೆಟ್ಟಿತು. ಮೀನಿನ ಬುಟ್ಟಿ ಹೊತ್ತವಳಿಗೆ ಒಂದು ಗೊತ್ತು. ನಾಳೆ ಒಳ್ಳೆ ಅಂಜಲ್ ಮೀನು ತರ್ತೇನೆ ಅಂತ ಬಾಯಲ್ಲಿ ಹೇಳಬಹುದು, ಬರೆದು ಕೊಡಬಾರದು. ಕಡಲು ನಾಳೆ ಎಂತ ಕೊಡ್ತದೆ ಅಂತ ಯಾರಿಗೆ ಗೊತ್ತು? ಬರೆದು ಕೊಟ್ಟರೆ ಜನ ಅದನ್ನೇ ಹಿಡಿದು ಜಗಲಿಗೆ ಬರುತ್ತಾರೆ. ಮೂರು ವರ್ಷದ ಮಾತು ಬರೆದುಕೊಡುವುದು ಹುಚ್ಚು. ಈ ಓದಿದವರಿಗೆ ವ್ಯಾಪಾರ ಗೊತ್ತಿಲ್ಲ, ನಾನಾದರೂ ಇವರನ್ನು ಉಳಿಸಬೇಕು ಅಂದುಕೊಂಡೆ. ಅಂದಿನಿಂದ ಚೀಟಿಯನ್ನು ಕವರಿಗೆ ಹಾಕುವುದನ್ನು ಬಿಟ್ಟು ಒಂದು ಬಿಸ್ಕತ್ ಡಬ್ಬಿಗೆ ಹಾಕುತ್ತಾ ಬಂದೆ. ಬಿಸಾಡಲಿಲ್ಲ. ಕಾಗದ ಬಿಸಾಡುವ ಅಭ್ಯಾಸ ಮೀನಿನವರಿಗೆ ಇಲ್ಲ.

ಮೇ ತಿಂಗಳಲ್ಲಿ ಕಾರ್ಕಳದ ಹತ್ತಿರ ಕುಕ್ಕುಂದೂರಿನ ಹೆಗ್ಡೆ ಮಾಸ್ಟ್ರು ಅಂತ ಒಬ್ಬರಿಂದ ಇ-ಮೇಲ್ ಬಂತು. ಸದಾನಂದ ಸರ್ ಅದನ್ನು ದೊಡ್ಡದಾಗಿ ಓದಿದರು. "ನಿಮ್ಮ ಸಿ.ಡಿ.ಯಲ್ಲಿ ಮೂಲವೂ ಇಲ್ಲ, ಕೊಡುತ್ತೇವೆ ಎಂಬ ಬರಹವೂ ಇಲ್ಲ. ಲೈಸೆನ್ಸ್ ಮುರಿದವರಿಗೆ ಹಂಚುವ ಹಕ್ಕು ಇಲ್ಲ. ಹದಿನೈದು ದಿನದಲ್ಲಿ ಸರಿ ಮಾಡದಿದ್ದರೆ ಪ್ರೋಗ್ರಾಂ ಬರೆದವರಿಗೇ ತಿಳಿಸುತ್ತೇನೆ."

ಸರ್ ಫ್ಲೇವಿಯಾಳ ಕಡೆ ತಿರುಗಿದರು. "ಪ್ಯಾಕೇಜ್ ಉಸ್ತುವಾರಿ ನಿನ್ನದು. ಚೀಟಿ ಹೋಗಿದೆಯಾ ಇಲ್ಲವಾ ಅಂತ ನೋಡುವುದಕ್ಕೂ ಆಗಲಿಲ್ಲವಾ? ಜೂನಿನಲ್ಲಿ ಇಪ್ಪತ್ತು ಶಾಲೆಗೆ ಕೊಡಬೇಕು. ಈಗ ಒಂದು ಸಿ.ಡಿ. ಹೊರಗೆ ಹೋಗುವ ಹಾಗಿಲ್ಲ. ಎರಡು ವರ್ಷದ ಕೆಲಸ ನೀರಿಗೆ."

ಫ್ಲೇವಿಯಾ "ಸಾರಿ ಸರ್" ಅಂದಳು. ಪೆನ್ನು ಹಲ್ಲಿನ ಹತ್ತಿರ ಹೋಗಿ ಹಾಗೇ ನಿಂತಿತ್ತು. ನಾನು ಮೇಜಿನ ತುದಿಯಲ್ಲಿ ಕೂತು ಅಂಟು ಹಚ್ಚುತ್ತಿದ್ದೆ. ಬಾಯಿ ಬಿಡಲಿಲ್ಲ. ಇದನ್ನು ಹೇಳಲಿಕ್ಕೆ ಈಗಲೂ ಮನಸ್ಸಿಲ್ಲ, ಆದರೆ ಆದದ್ದು ಆದದ್ದೇ. ಕೆಲಸ ಹೋದರೆ ಪುನಃ ಬುಟ್ಟಿ, ಪುನಃ ಅಲೆವೂರಿನ ಏರು ಅಂತ ಹೆದರಿದೆ. ಸಂಜೆ ಬಸ್ಸು ಹತ್ತಿ ಕಾಪುವಿಗೆ ಹೋದೆ. ಅನ್ನ ಬೇಯಿಸಿದೆ, ಉಣ್ಣಲಿಲ್ಲ.

ಮರುದಿನ ಎಲ್ಲರಿಗಿಂತ ಮೊದಲು ಬಂದು ಡಬ್ಬಿ ತೆಗೆದು ಫ್ಲೇವಿಯಾಳ ಕೀಬೋರ್ಡಿನ ಮುಂದೆ ಇಟ್ಟೆ. ಅವಳು ಬಂದಳು, ನೋಡಿದಳು.

"ನಾನು ಹಾಕಲಿಲ್ಲ" ಅಂದೆ.

"ಗೊತ್ತುಂಟು" ಅಂದಳು. "ನಿನ್ನೆ ಸರ್ ಬೈಯುವಾಗ ನೀವು ಆ ಡಬ್ಬಿಯನ್ನು ಕಾಲಿನಿಂದ ಮೇಜಿನ ಕೆಳಗೆ ತಳ್ಳಿದ್ದು ನೋಡಿದೆ. ನೀವೇ ಹೇಳಲಿ ಅಂತ ಕಾದೆ."

"ಬೈಯಬೇಕಿತ್ತು ಮಾರಾಯ್ತಿ."

"ಬೈತೇನೆ, ನಿಲ್ಲಿ. ಮೊದಲು ಎಣಿಸುವ."

ಎಣಿಸಿದೆವು. ನೂರನಲವತ್ತಾರು. ಚೀಟಿ ನಿಲ್ಲಿಸಿದ ದಿನದಿಂದ ಹೊರಗೆ ಹೋದ ಕವರೂ ರಿಜಿಸ್ಟರಿನಲ್ಲಿ ಅಷ್ಟೇ. ಒಂದು ಚೀಟಿಯೂ ತಪ್ಪಿರಲಿಲ್ಲ. ಅದನ್ನು ನೋಡಿ ಅವಳು ನಗಲಿಕ್ಕೆ ಶುರು ಮಾಡಿದಳು. ನನಗೆ ನಗು ಬರಲಿಲ್ಲ. ಸರ್ ಬಂದ ಮೇಲೆ ಅವರಿಗೂ ಹೇಳಿದೆ. ಅವರು ಡಬ್ಬಿಯಿಂದ ಒಂದು ಚೀಟಿ ತೆಗೆದು ನೋಡಿದರು. ಆಮೇಲೆ "ಚೀಟಿ ಎಂತಕ್ಕೆ ಅಂತ ನಾವು ಇವಳಿಗೆ ಹೇಳಲೇ ಇಲ್ಲ ಅಲ್ವಾ" ಅಂತ ತಮ್ಮಷ್ಟಕ್ಕೆ ಅಂದರು.

ಅವತ್ತು ಫ್ಲೇವಿಯಾ ಹೇಳಿಕೊಟ್ಟಳು. ಪ್ರೋಗ್ರಾಂ ಅನ್ನು ಮನುಷ್ಯರು ಓದುವ ಹಾಗೆ ಬರೆದದ್ದು ಸೋರ್ಸ್, ಅಂದರೆ ಮೂಲ. ಕಂಪ್ಯೂಟರಿಗೆ ಮಾತ್ರ ಅರ್ಥವಾಗುವ ಹಾಗೆ ಮಾಡಿದ್ದು ಸಿ.ಡಿ.ಯಲ್ಲಿ ಇರುವುದು. ಮೂಲವನ್ನೂ ಕೊಡಬೇಕು ಅಂತ ಅದನ್ನು ಬರೆದವರ ಷರತ್ತು. ಆದರೆ ಮೂಲಕ್ಕೆ ಇನ್ನೂ ಎರಡು ಸಿ.ಡಿ. ಬೇಕು, ಎಲ್ಲರಿಗೂ ಬೇಕಾಗುವುದೂ ಇಲ್ಲ. ಅದಕ್ಕೆ ಲೈಸೆನ್ಸ್ ಒಂದು ದಾರಿ ಬಿಟ್ಟಿದೆ. ಕೇಳಿದರೆ ಕೊಡುತ್ತೇವೆ ಅಂತ ಮೂರು ವರ್ಷದ ಮಾತನ್ನು ಬರೆದು ಕೊಡಬೇಕು.

"ಮೂಲ ನೋಡಿ ಅವರು ಎಂತ ಮಾಡ್ತಾರೆ?" ಅಂತ ಕೇಳಿದೆ.

"ಸರಿ ಉಂಟಾ ಅಂತ ನೋಡ್ತಾರೆ. ಬೇಕಾದ ಹಾಗೆ ತಿದ್ದಿಕೊಳ್ತಾರೆ."

"ಕಿವಿರು ಎತ್ತಿ ನೋಡಿದ ಹಾಗೆ."

"ಅಂದ್ರೆ?"

"ಮೀನು ತಾಜಾ ಉಂಟಾ ಅಂತ ಕಿವಿರು ಎತ್ತಿ ಕೆಂಪು ನೋಡ್ತಾರೆ. ಮುಟ್ಟಬೇಡಿ ಅನ್ನುವವಳ ಬುಟ್ಟಿಯಲ್ಲಿ ಹಳಸಿದ್ದೇ ಇರುವುದು."

ಫ್ಲೇವಿಯಾ ಪೆನ್ನಿನಿಂದ ಹಲ್ಲಿಗೆ ಎರಡು ಸಲ ಹೊಡೆದುಕೊಂಡಳು. "ಇದನ್ನು ನಮಗೆ ಕಾಲೇಜಲ್ಲಿ ಯಾರೂ ಹೀಗೆ ಹೇಳಲಿಲ್ಲ" ಅಂದಳು.

ಪ್ರೋಗ್ರಾಂ ಬರೆದವರಿಗೆ ಕ್ಷಮೆ ಕೇಳಿ ಬರೆಯುವುದು, ಅದಕ್ಕೆ ಮೊದಲು ಎಲ್ಲ ಚೀಟಿ ತಲುಪಿರಬೇಕು ಅಂತ ಸರ್ ಹೇಳಿದರು. ದೂರದ ಐವತ್ತೆಂಟು ಜನರಿಗೆ ಫ್ಲೇವಿಯಾ ಅಂಚೆಯಲ್ಲಿ ಕಳಿಸಿದಳು. ಉಳಿದ ಎಂಬತ್ತೆಂಟು ಜನ ಉಡುಪಿ, ಕಾಪು, ಕಾರ್ಕಳದವರು. ಅವರ ಮನೆಗೆ ನಾನೇ ಹೋಗುತ್ತೇನೆ ಅಂದೆ. ಮೀನು ಕೆಟ್ಟಿದ್ದರೆ ಮಾರಿದವಳೇ ಮನೆಗೆ ಹೋಗಿ ಬದಲು ಕೊಡಬೇಕು, ಬೇರೆಯವರ ಕೈಯಲ್ಲಿ ಕಳಿಸಿದರೆ ಮರ್ಯಾದೆ ಅಲ್ಲ. ಮೊಣಕಾಲಿಗೆ ಎಣ್ಣೆ ಹಚ್ಚಿ ಹನ್ನೊಂದು ದಿನ ತಿರುಗಿದೆ.

ಮಟ್ಟುವಿನಲ್ಲಿ ಒಬ್ಬಳು ಹೆಂಗಸು ಚೀಟಿ ತೆಗೆದುಕೊಂಡು, ಎಂತದೋ ಕೊಡಬೇಕಲ್ಲ ಅಂತ ನಾಲ್ಕು ಗುಳ್ಳ ಬದನೆ ಕೊಟ್ಟಳು. ಕಾಪುವಿನಲ್ಲಿ ನನ್ನದೇ ಪರಿಚಯದ ಶೇಖರ ಸಿ.ಡಿ.ಯನ್ನು ದಾರ ಕಟ್ಟಿ, ಒಣಮೀನು ಹರಡಿದಲ್ಲಿ ಕಾಗೆ ಓಡಿಸಲಿಕ್ಕೆ ತೂಗು ಹಾಕಿದ್ದ.

"ಇದರ ಮೂಲ ಬೇಕಾದರೆ ಮೂರು ವರ್ಷದೊಳಗೆ ಕೇಳು" ಅಂದೆ.

"ಕಾಗೆಯ ಮೂಲವಾ?"

"ಮುಚ್ಚು ಬಾಯಿ. ಹಿಡಿ ಚೀಟಿ."

ಕೊನೆಯ ದಿನ ಕಾರ್ಕಳ. ಫ್ಲೇವಿಯಾ ಜೊತೆಗೆ ಬಂದಳು. ಬೆಳಗ್ಗಿನ ಬಸ್ಸು. ಹೊರಡುವುದರೊಳಗೆ ಅವಳು ನನ್ನ ಹೆಗಲಿಗೆ ತಲೆ ಇಟ್ಟು ನಿದ್ದೆ ಹೋದಳು. ಅಷ್ಟೂ ದಿನ ಸರಿ ಮಲಗಿರಲಿಲ್ಲ. ಹೆಗಲು ಜೋಮು ಹಿಡಿಯಿತು, ನಾನು ಅಲ್ಲಾಡಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವರು ಯಾರೂ ನನಗೆ ಇಲ್ಲ. ಹೆಗಲ ಮೇಲೆ ಅಷ್ಟು ಹೊತ್ತು ಯಾರೂ ಮಲಗಿದ್ದೂ ಇಲ್ಲ. ಬುಟ್ಟಿಯ ಭಾರ ಬೇರೆ, ಇದು ಬೇರೆ.

ಕುಕ್ಕುಂದೂರಿನಲ್ಲಿ ಹೆಗ್ಡೆ ಮಾಸ್ಟ್ರು ಜಗಲಿಯಲ್ಲಿ ಕೂತಿದ್ದರು. ಫ್ಲೇವಿಯಾ ಮಾತು ತೆಗೆಯುವ ಮೊದಲೇ ನಾನು ಹೇಳಿದೆ. "ತಪ್ಪು ಈ ಹುಡುಗಿಯದ್ದಲ್ಲ. ಚೀಟಿ ತೆಗೆದಿಟ್ಟವಳು ನಾನು."

ಅವರು ಚೀಟಿಯನ್ನು ಎರಡು ಸಲ ಓದಿದರು. "ಬರೆದು ಕೊಡುವುದು ಸುಲಭ. ನಾನು ಈಗಲೇ ಮೂಲ ಕೇಳಿದರೆ?"

ಚೀಲದಿಂದ ಎರಡು ಸಿ.ಡಿ. ತೆಗೆದು ಅವರ ಮುಂದೆ ಇಟ್ಟೆ. ಕೇಳಿಯಾರು ಅಂತ ಬೆಳಗ್ಗೆಯೇ ಹಾಕಿಕೊಂಡಿದ್ದೆ. "ಕಿವಿರು ಎತ್ತಿ ನೋಡಿ ಮಾಸ್ಟ್ರೇ."

ಅವರಿಗೆ ಅರ್ಥವಾಗಲಿಲ್ಲ. ಫ್ಲೇವಿಯಾ ವಿವರಿಸಿದಳು. ಆಗ ಅವರ ಮುಖ ಸಡಿಲವಾಯಿತು. ಒಳಗೆ ಹೋಗಿ ಕಂಪ್ಯೂಟರಿಗೆ ಹಾಕಿ ನೋಡಿದರು, ಅರ್ಧ ಗಂಟೆ ಹೊರಗೆ ಬರಲಿಲ್ಲ. ನಮಗೆ ಬೆಲ್ಲ ನೀರು ಬಂತು, ಕುಡಿದೆವು, ಕಾದೆವು. ಬಂದವರು ಒಂದೇ ಮಾತು ಹೇಳಿದರು. "ಸರಿ ಉಂಟು. ಶಾಲೆಗಳಿಗೆ ಕೊಡಿ."

ಕ್ಷಮೆ ಕೇಳಿದ ಪತ್ರಕ್ಕೂ ಒಳ್ಳೆಯ ಉತ್ತರ ಬಂತು. ಜೂನಿನಲ್ಲಿ ಶಾಲೆಗಳಿಗೆ ಹೋದ ಒಂದೊಂದು ಕವರಿಗೂ ನಾನೇ ಚೀಟಿ ಹಾಕಿ, ಮುಚ್ಚುವ ಮೊದಲು ಬೆರಳಿಟ್ಟು ನೋಡಿ ಮುಚ್ಚಿದೆ.

ಆಫೀಸು 2005ರಲ್ಲಿ ಮುಚ್ಚಿತು. ಜಗಳವಿಲ್ಲ, ಅನ್ಯಾಯವಿಲ್ಲ. ಕಂಪ್ಯೂಟರಿನ ಸಾಮಾನು ಬೇಗ ಹಳತಾಗುತ್ತದೆ, ದೋಣಿಗಿಂತ ಚಂದದ್ದು ಬೇರೆ ಬಂತು. ಸದಾನಂದ ಸರ್ ಪಾಠ ಮಾಡಲಿಕ್ಕೆ ಬೇರೆ ಊರಿಗೆ ಹೋದರು. ಫ್ಲೇವಿಯಾಗೆ ಗೋವಾದಲ್ಲಿ ಮದುವೆ ನಿಶ್ಚಯವಾಯಿತು. ಕೋಣೆ ಖಾಲಿ ಮಾಡುವ ದಿನ ಮೂಲದ ಸಿ.ಡಿ. ಎರಡು ಸೆಟ್ ಉಳಿದಿದ್ದವು.

"ಇನ್ನು ಯಾರು ಕೇಳ್ತಾರೆ, ಬಿಡಿ" ಅಂದರು ಸರ್.

"ಕೊನೆಯ ಚೀಟಿ ಕೊಟ್ಟದ್ದು ಮೊನ್ನೆ. ಮೂರು ವರ್ಷ ಬಾಕಿ ಉಂಟು" ಅಂದೆ ನಾನು.

ಫ್ಲೇವಿಯಾ ಒಂದು ಕಾಗದದಲ್ಲಿ "ದೋಣಿಯ ಮೂಲ ಬೇಕಾದವರು ಕಾಪು ಮೀನು ಮಾರ್ಕೆಟಿನ ಹಿಂದೆ ಗುಲಾಬಿಯಕ್ಕನ ಮನೆಗೆ ಹೋಗಿ" ಅಂತ ಬರೆದು ಕೆಳಗಿನ ಜೆರಾಕ್ಸ್ ಅಂಗಡಿಯ ಗೋಡೆಗೆ ಅಂಟಿಸಿದಳು. ಎರಡು ಸೆಟ್ಟನ್ನೂ ಆ ಬಿಸ್ಕತ್ ಡಬ್ಬಿಗೆ ಹಾಕಿ ನನ್ನ ಕೈಗೆ ಕೊಟ್ಟಳು. "ಉಪ್ಪುಗಾಳಿ ತಾಗಿಸಬೇಡಿ" ಅಂದಳು.

"ಬಾಯಮ್ಮ, ಅವತ್ತು ಬೈತೇನೆ ಅಂದದ್ದು ಬಾಕಿ ಉಂಟು."

"ಬಂದು ಬೈತೇನೆ ಅಕ್ಕ."

ಡಬ್ಬಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಬಟ್ಟೆಯ ಪೆಟ್ಟಿಗೆಯಲ್ಲಿ ಇಟ್ಟೆ. ತಿಂಗಳಿಗೊಮ್ಮೆ ತೆಗೆದು ಒರೆಸುತ್ತಿದ್ದೆ. ಎರಡು ವರ್ಷ ಯಾರೂ ಬರಲಿಲ್ಲ. ಮೂರನೆಯ ವರ್ಷ ಒಂದು ಬೆಳಿಗ್ಗೆ ಬಾಗಿಲು ಬಡಿದರು. ಹುಡುಗಿಯ ದನಿ, "ಗುಲಾಬಿಯಕ್ಕ ಇದ್ದಾರಾ?" ಒಲೆಯ ಮುಂದಿನಿಂದ ಎದ್ದ ರಭಸಕ್ಕೆ ಕಾಲು ಉಳುಕಿತು. ಬಾಗಿಲು ತೆಗೆದರೆ ಕಾಲೇಜಿನ ಯಾರೋ ಹುಡುಗಿ, ಕೈಯಲ್ಲಿ ಮಡಚಿ ಹಳದಿಯಾದ ನಮ್ಮ ಚೀಟಿ. ಜೆರಾಕ್ಸ್ ಅಂಗಡಿಯ ಗೋಡೆ ನೋಡಿ ಬಂದದ್ದು, ದೋಣಿಯ ಮೂಲ ಓದಲಿಕ್ಕೆ ಬೇಕಂತೆ. ಒಂದು ಸೆಟ್ ಕೊಟ್ಟೆ. ಅವಳು ಖುಷಿಯಲ್ಲಿ ಹೋದಳು. ಬರೆದ ಮಾತು ನಡೆಸಿದ್ದಕ್ಕೆ ನನಗೂ ಖುಷಿಯಾಗಬೇಕಿತ್ತು. ಆಗಲಿಲ್ಲ. ದನಿ ಕೇಳಿದಾಗ ನಾನು ಅಂದುಕೊಂಡದ್ದು ಬೇರೆ ಹುಡುಗಿಯನ್ನು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಮಾತು ಬರೆದು ಕೊಡಬಾರದು ಅಂತ ನಾನು ತಿಳಿದದ್ದು ತಪ್ಪು. ಕೊಡಬೇಕು, ಕೊಟ್ಟ ಮೇಲೆ ಕೇಳುವವರು ಬರಲಿ ಬಾರದಿರಲಿ ಸಾಮಾನು ಇಟ್ಟುಕೊಂಡು ಕೂತಿರಬೇಕು. ಕೂತಿರುವುದೇ ಕೆಲಸ. ಬಾಯಲ್ಲಿ ಹೇಳಿದ ಮಾತಿಗೆ ಮಾತ್ರ ಯಾವ ಲೈಸೆನ್ಸೂ ಇಲ್ಲ, ವರ್ಷದ ಲೆಕ್ಕವೂ ಇಲ್ಲ.

ಚೀಟಿಯ ಮೂರು ವರ್ಷ ಯಾವಾಗಲೋ ಮುಗಿಯಿತು. ಒಂದು ಸೆಟ್ ಡಬ್ಬಿಯಲ್ಲಿ ಇನ್ನೂ ಉಂಟು. ಮೊನ್ನೆಯೂ ಒರೆಸಿಟ್ಟೆ. ಬೈತೇನೆ ಅಂದವಳು ಬಂದು ಬೈಯಲಿ, ಆಮೇಲೆ ಬೇಕಾದರೆ ತೆಗೆದುಕೊಂಡು ಹೋಗಲಿ.