ಗಲ್ಲದ ಗಾಳಿ

ನಮ್ಮ ಮನೆಯವರು ಸನಾದಿ ಊದುವವರು. ಇಪ್ಪತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳ ಮೂಗು ಒರೆಸಿ ಅಕ್ಷರ ಕಲಿಸಿದವಳು ನಾನು. ಆದರೂ ಬೆಟಗೇರಿಯ ನಮ್ಮ ಓಣಿಯಲ್ಲಿ ನನ್ನನ್ನು ಗುರುತಿಸುವುದು ಸನಾದಿಯವರ ಹೆಂಡತಿ ಅಂತಲೇ. ಮೊದಲು ಇದಕ್ಕೆ ಮೈಯೆಲ್ಲ ಉರಿಯುತ್ತಿತ್ತು. ಈಗ ಹಾಗೇನಿಲ್ಲ.

ಗದಗ ಜಿಲ್ಲೆಯಾಗಿ ನಾಲ್ಕಾರು ವರ್ಷವಾಗಿತ್ತು. ಬೋರ್ಡುಗಳು ಹೊಸವು, ರಸ್ತೆಗಳು ಹಳೆಯವು. ಆ ರಸ್ತೆಗಳಲ್ಲಿ ನಡೆಯುತ್ತ ನಡೆಯುತ್ತ ಇವರು ಕುಕ್ಕರಗಾಲಲ್ಲಿ ಕೂರಲು ಶುರು ಮಾಡಿದರು. ಗದಗ ಸ್ಟೇಷನ್ನಿಗೆ ಹೊರಟರೆ ನಾಲ್ಕು ಕಡೆ ಕೂರುವುದು, ಚಪ್ಪಲಿಯ ಉಂಗುಟ ಸರಿಮಾಡುವ ನೆಪ.

"ಒಂದ ಚಪ್ಪಲಿ ಎಷ್ಟ ಸಲ ಹರಿತೈತ್ರಿ?" ಎಂದು ನಾನು ರೇಗುತ್ತಿದ್ದೆ. ಹಾಗೆ ಕೂತರೆ ಎದೆ ಹಗುರಾಗುತ್ತದೆ ಎಂದು ಅವರು ಒಮ್ಮೆಯೂ ಬಾಯಿ ಬಿಡಲಿಲ್ಲ.

ಮುಂಡರಗಿಯ ಒಂದು ಮದುವೆಯಲ್ಲಿ ಗುಟ್ಟು ರಟ್ಟಾಯಿತು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬೀಳುವಾಗ ಸನಾದಿ ಏರಬೇಕು, ತಾಳಿ ಕಟ್ಟಿ ಮುಗಿಯುವ ತನಕ ನಿಲ್ಲಬಾರದು. ನಿಂತರೆ ಅಪಶಕುನ. ಅವತ್ತು ನಿಂತಿತು. ಇವರು ವಾದ್ಯ ಹಿಡಿದುಕೊಂಡೇ ಕಣ್ಣು ಮೇಲೆ ಮಾಡಿ ಉರುಳಿಬಿದ್ದರು, ಬರೀ ಡೋಲಿನ ಸದ್ದಿನಲ್ಲಿ ತಾಳಿ ಕಟ್ಟಿದರು. ಜೊತೆಯವರು ಮನೆಗೆ ಕರೆತಂದಾಗ ನಾನು ಅಳುತ್ತಿದ್ದರೆ ಇವರದು ಒಂದೇ ಮಾತು: "ಬಾಳೇವು ಮಾಡೂ ಹುಡುಗಿಗೆ ನಾ ಕೇಡ ಮಾಡಿದೆ." ಮರುದಿನದಿಂದ ಯಾರು ವೀಳ್ಯ ತಂದರೂ ಒಲ್ಲೆ ಎಂದರು. ಸನಾದಿ ಗೂಟಕ್ಕೆ ಹೋಯಿತು.

ಗದಗಿನ ಡಾಕ್ಟರು ಎದೆಗೆ ಕಿವಿಗೊಟ್ಟು, ಏನೋ ಹೆಚ್ಚಿನ ಸದ್ದಿದೆ ಎಂದು ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿನ ಆಸ್ಪತ್ರೆಯಲ್ಲಿ ಹೃದಯ ಬಡಿಯುವುದನ್ನು ಪರದೆಯ ಮೇಲೆ ತೋರಿಸುವ ಮಷಿನ್ನು, ಅದರ ಮುಂದೆ ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಆಕೆ ಇವರ ಬಾಯಿಗೆ ಮುಂದಿನ ತುದಿ ಮುಚ್ಚಿದ ಒಂದು ಪ್ಲಾಸ್ಟಿಕ್ ಕೊಳವೆ ಕೊಟ್ಟರು. "ಜೋರಾಗಿ ಊದ್ರಿ. ಎದಿಮ್ಯಾಲ ಒತ್ತಡ ಬಿದ್ದಾಗ ಏನ ಆಗ್ತೈತಿ ನೋಡೋಣ."

ಊದಿರಿ ಎಂದ ಕೂಡಲೇ ಇಷ್ಟು ದಿನ ಬಾಡಿದ್ದ ಮುಖ ಅರಳಿಬಿಟ್ಟಿತು. ಗಲ್ಲ ಉಬ್ಬಿದವು. ಒಂದು ನಿಮಿಷವಾದರೂ ಮನುಷ್ಯ ಕೊಳವೆ ಬಿಡಲಿಲ್ಲ.

"ಉಳಿದವರು ಹತ್ತ ಎಣಸೂದ್ರಾಗ ಕೈ ಚೆಲ್ತಾರ್ರಿ!" ಡಾಕ್ಟರಮ್ಮ ಬೆರಗಾದರು. "ಹೃದಯದ ಗ್ವಾಡಿ ದಪ್ಪ ಐತಿ ಖರೆ, ಆದ್ರ ರಕ್ತ ಹೋಗೂ ದಾರಿ ಏನೂ ಕಟ್ಟಿಲ್ಲ. ಗುಳಿಗಿ ಸಾಕು."

ಇವರು ಬಹುಮಾನ ಗೆದ್ದವರಂತೆ ನನ್ನ ಕಡೆ ನೋಡಿದರು. ನನಗೆ ಪಿತ್ತ ನೆತ್ತಿಗೇರಿತು. ಮದುವೆಯಾದಾಗಿನಿಂದ ಆ ಗಲ್ಲ, ಆ ಮೂಗಿನ ಹೊಳ್ಳೆ ನೋಡುತ್ತ ಬಂದವಳು ನಾನು.

"ಡಾಕ್ಟರ, ಇವರು ಊದಿದ್ದು ಗಲ್ಲದಾಗಿನ ಗಾಳಿ ರೀ, ಎದಿಯಾಗಿಂದಲ್ಲ. ಬಾಯಿಲೆ ಊದ್ತಾರ, ಆಗಿಂದಾಗ ಮೂಗಿಲೆ ಎಳಕೋತಾರ. ಹಿಂಗ ತಾಸಗಟ್ಟಲೆ ಊದ್ತಾರ."

"ಊದ್ರಿ ಅಂದ್ರು, ಊದಿದೆ," ಎಂದರು ಇವರು. "ನನಗ ಬ್ಯಾರೆ ಊದಾಕ ಬರೂದಿಲ್ಲ."

ಡಾಕ್ಟರಮ್ಮ ನಗಲಿಲ್ಲ. ಎರಡು ಬೆರಳಿನಿಂದ ಇವರ ಮೂಗು ಹಿಡಿದು, ಎದೆಯಿಂದಲೇ ಒತ್ತಿ ಊದಲು ಹೇಳಿದರು. ಐದು ಎಣಿಸುವುದರೊಳಗೆ ಮುಖ ಬಿಳಚಿ ಬೆವರಿಳಿಯಿತು. "ಬಿಡ್ರಿ, ಬಿಡ್ರಿ!" ಎಂದು ಡಾಕ್ಟರಮ್ಮನೇ ಕೊಳವೆ ಕಸಿದುಕೊಂಡರು. ಆಮೇಲೆ ನನ್ನನ್ನು ಪರದೆಯ ಹತ್ತಿರ ಕರೆದು ತೋರಿಸಿದರು. ಹೃದಯದ ಎರಡು ಕೋಣೆಗಳ ನಡುವಿನ ಗೋಡೆ ದಪ್ಪವಾಗಿ, ರಕ್ತ ಹೊರಗೆ ಹೋಗುವ ಬಾಗಿಲಿಗೆ ಅಡ್ಡ ಬಂದಿತ್ತು. ಎದೆ ಬಿಗಿದಷ್ಟೂ ಆ ದಾರಿ ಇನ್ನಷ್ಟು ಕಿರಿದಾಗುತ್ತಿತ್ತು. ಎರಡು ತಿಂಗಳು ಗುಳಿಗೆ ನುಂಗಿಯೂ ಬಗೆಹರಿಯದಿದ್ದಾಗ ಚಿಕಿತ್ಸೆಗೆ ದಿನ ಗೊತ್ತುಮಾಡಿದರು.

ತೊಡೆಯ ನಾಳದಿಂದ ದಾರದಂಥ ನಳಿಗೆಯನ್ನು ಹೃದಯದವರೆಗೆ ಒಯ್ದು, ದಪ್ಪ ಗೋಡೆಗೆ ರಕ್ತ ಕೊಡುವ ಸಣ್ಣ ನಾಳದಲ್ಲಿ ಸ್ವಲ್ಪವೇ ಸ್ವಲ್ಪ ಶುದ್ಧ ಆಲ್ಕೋಹಾಲು ಬಿಡುತ್ತಾರೆ. ಅಷ್ಟು ಮಾಂಸ ಸತ್ತು, ಬರಬರುತ್ತ ಗೋಡೆ ತೆಳ್ಳಗಾಗುತ್ತದೆ. ಎದೆ ಕೊಯ್ಯುವ ಕೆಲಸವೇ ಇಲ್ಲ. ಯಾರ ತಲೆಗೆ ಹೊಳೆಯಿತೋ, ಅವರಿಗೆ ನಾನು ಇವತ್ತಿಗೂ ಕೈಮುಗಿಯುತ್ತೇನೆ. ಇವರು ಮಾತ್ರ ಹಾಸಿಗೆಯಲ್ಲಿ ಬಿದ್ದುಕೊಂಡೇ, "ನಮ್ಮ ಮ್ಯಾಳದವರೆಲ್ಲಾ ಕುಡದ್ರೂ ನಾ ಮುಟ್ಟಿದ್ದಿಲ್ಲ. ಕಡೀಕ ಎದಿಗೇ ಕುಡಿಸಿದ್ರಿ," ಎಂದು ನರ್ಸುಗಳನ್ನು ನಗಿಸಿದರು. ಔಷಧಿ ಬಿಟ್ಟಾಗ ಎದೆ ಸುಟ್ಟಂತೆ ನೋವಾಯಿತಂತೆ. ಅದನ್ನು ನನಗೆ ಹೇಳಿದ್ದು ಮನೆಗೆ ಬಂದ ಮೇಲೆ.

ಮೂರು ತಿಂಗಳಲ್ಲಿ ಬೆಟಗೇರಿಯಿಂದ ಸ್ಟೇಷನ್ನಿನವರೆಗೆ ಒಂದು ಕಡೆಯೂ ಕೂರದೆ ನಡೆದರು. ಹಿಂದೆ ಹಿಂದೆ ನಡೆದ ನಾನೇ ಸೋತು ಕಟ್ಟೆಯ ಮೇಲೆ ಕುಳಿತೆ. ಮತ್ತೆ ಹುಬ್ಬಳ್ಳಿಗೆ ಹೋದಾಗ ಡಾಕ್ಟರಮ್ಮ ಮೂಗು ಹಿಡಿಯಲು ಕೈ ಚಾಚಿದರೆ, "ಆಕಿ ಹಿಡೀಲಿ ತಡೀರಿ, ನನ್ನ ಕಳ್ಳತನ ಆಕಿಗೆ ಗೊತ್ತ ಐತಿ," ಎಂದರು. ನಾನು ಹಿಡಿದೆ. ಎದೆಯಿಂದಲೇ ಊದಿದರು. ಪರದೆಯ ಮೇಲೆ ದಾರಿ ತೆರೆದೇ ಇತ್ತು.

"ಭಾರ ಎತ್ತಬ್ಯಾಡ್ರಿ, ನೀರು ಕಡಿಮಿ ಕುಡಿಬ್ಯಾಡ್ರಿ, ವರ್ಷಕ್ಕೊಮ್ಮೆ ಬರ್ರಿ," ಎಂದರು ಡಾಕ್ಟರಮ್ಮ. "ಸನಾದಿ ಊದ್ರಿ. ನಿಮ್ಮ ಪದ್ಧತಿಲೇನ ಊದ್ರಿ."

ಆದರೂ ಊದಲಿಲ್ಲ. ಎದೆಯೊಳಗಿನ ಗೋಡೆ ತೆಳ್ಳಗಾಗಿತ್ತು, ಮುಂಡರಗಿಯ ಮಾತು ಕರಗಿರಲಿಲ್ಲ. "ನಡುವ ನಿಂತ್ರ?" ಎನ್ನುವರು. ನಾನು ಬೈದೆ, ಗೋಗರೆದೆ, ಸನಾದಿಯನ್ನು ಗೂಟದಿಂದ ಇಳಿಸಿ ತೊಡೆಯ ಮೇಲೆ ಇಟ್ಟೆ. ಒರೆಸಿ ಮತ್ತೆ ಗೂಟಕ್ಕೇ ಹಾಕಿದರು.

ಒಂದು ಮಧ್ಯಾಹ್ನ ಶಿರಹಟ್ಟಿಯಿಂದ ಒಬ್ಬ ಹೆಣ್ಣುಮಗಳು ಕೂಸನ್ನು ಬಗಲಲ್ಲಿಟ್ಟುಕೊಂಡು ಬಂದಳು. ಬರೀ ಡೋಲಿನ ಸದ್ದಿನಲ್ಲಿ ತಾಳಿ ಕಟ್ಟಿಸಿಕೊಂಡ ಆ ಮುಂಡರಗಿಯ ಮದುಮಗಳು.

"ಕಾಕಾ, ಲಕ್ಷ್ಮೇಶ್ವರದಾಗ ನನ್ನ ತಂಗಿ ಮದುವಿ ಐತಿ. ನೀವ ಊದಬೇಕು," ಎಂದು ವೀಳ್ಯ ಇಟ್ಟಳು. "ಅವತ್ತ ನೀವ ಬಿದ್ರೂ ನನ್ನ ಬಾಳೇವು ಬಿದ್ದಿಲ್ರಿ." ಕೂಸನ್ನು ಇವರ ತೊಡೆಗೆ ದಾಟಿಸಿದಳು. ಇವರು ಒಂದು ಕೈಯಲ್ಲಿ ಕೂಸನ್ನು ಹಿಡಿದು ಇನ್ನೊಂದರಲ್ಲಿ ವೀಳ್ಯ ತೆಗೆದುಕೊಂಡರು.

ಲಕ್ಷ್ಮೇಶ್ವರಕ್ಕೆ ನಾನೂ ಹೋದೆ. ಅಕ್ಕಿಕಾಳಿನ ಹೊತ್ತಾಯಿತು, ಸನಾದಿ ಏರಿತು. ನಾನು ಮದುಮಕ್ಕಳನ್ನು ನೋಡಲಿಲ್ಲ. ಆ ಗಲ್ಲ, ಆ ಮೂಗಿನ ಹೊಳ್ಳೆಗಳನ್ನೇ ನೋಡುತ್ತಿದ್ದೆ. ಮಂದಿಯೆಲ್ಲ ಅಕ್ಕಿಕಾಳು ಹಾಕಿ ಮುಗಿಸಿದರು, ತಾಳಿ ಕಟ್ಟಿದ್ದಾಯಿತು, ಸನಾದಿ ಇನ್ನೂ ಏರುತ್ತಲೇ ಇತ್ತು. ಇಂಥ ಗಂಡಸಿನ ಹೆಂಡತಿ ನಾನು ಎಂದು ಎದೆ ತುಂಬಿ ಬಂತು.

"ಅಕ್ಕಾರ, ನಿಮ್ಮ ಅಕ್ಕಿಕಾಳ ಕೈಯಾಗ ಉಳದಾವಲ್ರಿ," ಎಂದರು ಪಕ್ಕದಾಕೆ.

ಹೌದು, ಮುಷ್ಟಿಯಲ್ಲಿ ಬೆವರಿಗೆ ಒದ್ದೆಯಾಗಿದ್ದವು. ಮೇಳದವರ ಹತ್ತಿರ ಹೋಗಿ ಅಷ್ಟನ್ನೂ ಇವರ ತಲೆಯ ಮೇಲೆ ಹಾಕಿದೆ. ಕಾಳು ಹಣೆ, ಮೂಗಿನ ಮೇಲೆಲ್ಲ ಜಾರಿದವು. ಇವರು ಒಂದು ಹುಬ್ಬೆತ್ತಿ ನನ್ನನ್ನು ನೋಡಿದರು. ಊದುವುದನ್ನು ಮಾತ್ರ ನಿಲ್ಲಿಸಲಿಲ್ಲ.