ಎರಡಡಿ ಸರಿದ ಕುರ್ಚಿ

ಕುರ್ಚಿಯೊಂದನ್ನು ಎರಡಡಿ ಎಡಕ್ಕೆ ಸರಿಸುವುದು ಈ ಲೋಕದ ಅತಿ ಗಂಭೀರ ಕಾರ್ಯಗಳಲ್ಲೊಂದು. ಅದಕ್ಕೆ ಏಕಾಂತ ಬೇಕು, ಮಬ್ಬು ಬೆಳಕು ಬೇಕು, ಇಪ್ಪತ್ತೆರಡು ವರ್ಷದ ಅನುಭವ ಬೇಕು.

ಬೆಳಗಿನ ಐದೂವರೆ. ಪಶು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಡ್ರೆಸ್ಸರ್ ಅಮ್ಮ ಆ ಕಾರ್ಯದಲ್ಲಿದ್ದಾರೆ. ಗಾಯ ತೊಳೆದು ಪಟ್ಟಿ ಕಟ್ಟುವುದು ಅವರ ಸಂಬಳದ ಕೆಲಸ, ಇದು ಸಂಬಳವಿಲ್ಲದ್ದು. ಬಾಗಿಲ ಬಳಿ ಎರಡು ವರ್ಷದ ಜಾತಿ ನಾಯಿ ಕೂತಿದೆ, ಮೈಯೆಲ್ಲ ರೇಷ್ಮೆ. ನಿನ್ನೆ ಹತ್ತು ಸಲ ಓಡಾಡಿಸಿ ಅದಕ್ಕೆ ಕೋಣೆಯ ದಾರಿ ಕಲಿಸಿದ್ದಾರೆ. ಈಗ ಎದುರು ಗೋಡೆಗೆ ನಿಂತು ಕರೆಯುತ್ತಾರೆ. ನಾಯಿ ಬಾಲ ಆಡಿಸುತ್ತ ಓಡಿಬಂದು ಕುರ್ಚಿಗೆ ಮುಖ ಗುದ್ದಿಕೊಳ್ಳುತ್ತದೆ.

"ಹೋಯ್ತು," ಎನ್ನುತ್ತಾರೆ ಅಮ್ಮ. ಉದ್ದನೆಯ ರಿಜಿಸ್ಟರ್ ಬಿಚ್ಚಿ ಅದರ ಕಿವಿಯ ಹಚ್ಚೆ ನಂಬರ್ ಬರೆಯುತ್ತಾರೆ. "ರಾತ್ರಿ ಕಣ್ಣು ಮೊದ್ಲು ಹೋಗುತ್ತೆ, ಹಗಲಿಂದು ಆಮೇಲೆ. ಮನೇಲಿ ಯಾರಿಗೂ ಗೊತ್ತೇ ಆಗಲ್ಲ. ಇದು ಮನೇನ ಬಾಯಿಪಾಠ ಮಾಡ್ಕೊಂಡಿರುತ್ತೆ."

ಹೊರಗಿನ ಬೆಂಚಿನಲ್ಲಿ ಕೂತ ನಿವೃತ್ತ ಮೇಷ್ಟ್ರು ನಾಯಿಯ ಯಜಮಾನರು. ಸುದ್ದಿ ಕೇಳಿ ಸರಪಳಿಯನ್ನು ಕೈಗೆ ಸುತ್ತಿಕೊಳ್ಳುತ್ತಾರೆ. "ನಾನೇ ಸರಿಯಾಗಿ ತಿನ್ನಿಸ್ಲಿಲ್ವೇನೋ ಅಮ್ಮಾ."

"ನೀವೇನೂ ಮಾಡಿಲ್ಲ ಮೇಷ್ಟ್ರೆ. ಇದು ಹುಟ್ಟೋಕೆ ಮುಂಚೆನೇ ಮಾಡಿ ಮುಗಿಸಿದ್ರು."

ರಿಜಿಸ್ಟರ್ ಶುರುವಾದದ್ದು ಲಾರಿಗಳಿಂದ. ಒಂದೇ ವರ್ಷದಲ್ಲಿ ಮೂರು ನಾಯಿ ಲಾರಿಗೆ ಸಿಕ್ಕಿ ಬಂದವು, ಮೂರೂ ಮುಸ್ಸಂಜೆಗೆ. ಡಾಕ್ಟರು ಚಾಲಕರನ್ನು ಬೈದರು. ಅಮ್ಮ ಮಾತ್ರ ನಾಯಿಗಳ ವಂಶಪತ್ರ ತರಿಸಿ ನೋಡಿದರು: ಮೂರಕ್ಕೂ ಒಬ್ಬನೇ ಅಜ್ಜ. ಅಂದಿನಿಂದ ಆ ವಂಶದ ಮರಿ ಕೊಂಡ ಪ್ರತಿ ಮನೆಗೂ, ಮರಿಗೆ ಎರಡು ವರ್ಷ ತುಂಬಿದಾಗ, ಅವರ ಫೋನು ಹೋಗುತ್ತದೆ. ಎಲೆಕ್ಟ್ರಿಷಿಯನ್ ಗಂಡ ಹಳೆಯ ಫ್ಯಾನಿನ ರೆಗ್ಯುಲೇಟರನ್ನು ಬಲ್ಬಿಗೆ ಕೂಡಿಸಿ ಮುಸ್ಸಂಜೆಯನ್ನು ಗೋಡೆಯ ಮೇಲೆ ತಂದುಕೊಟ್ಟಿದ್ದಾರೆ. "ನನ್ನ ಹುಟ್ಟಿದ ದಿನ ಕೇಳಿದ್ರೆ ಅಮ್ಮ ಬೆರಳು ಮಡಚ್ತಾಳೆ," ಎಂದು ಮಗಳ ದೂರು. "ನಾಯಿದು ಕೇಳಿ, ತಿಥಿ ವಾರ ಸಮೇತ ಹೇಳ್ತಾಳೆ."

ಈಗ ಆ ವಂಶದ ಕುಡಿ ಒಂದು ಚಾಂಪಿಯನ್. ಕೊರಳಲ್ಲಿ ಪದಕ, ಅದರ ಯಜಮಾನರ ಮನೆಯ ಕಪಾಟಿನಲ್ಲಿ ಪ್ರದರ್ಶನಗಳಲ್ಲಿ ಗೆದ್ದ ಹನ್ನೊಂದು ಕಪ್ಪು. ಅಮ್ಮನ ಕೈಗೆ ಸಿಕ್ಕ ಅದರ ಮರಿಗಳು ಅರವತ್ತಮೂರು, ಕಣ್ಣು ಹೋದವು ಹದಿನಾಲ್ಕು. ಮೇಷ್ಟ್ರ ನಾಯಿ ಹದಿನೈದನೆಯದು. "ಅಪ್ಪನ ಕಣ್ಣು ದೀಪದ ಹಾಗಿದೆ, ಸುಳ್ಳಲ್ಲ. ದೋಷ ಅವನ ರಕ್ತದಲ್ಲಿ ಅರ್ಧ ಇದೆ. ತಾಯಿ ಕಡೆಯಿಂದ ಇನ್ನರ್ಧ ಬಂದ್ರೆ ಮರಿ ಕುರುಡು. ಈಗ ಅವನಿಗೆ ಅವನ ಮಗಳನ್ನೇ ಜೋಡಿ ಮಾಡ್ತಾರಂತೆ, ತಳಿ ಶುದ್ಧವಾಗಿರ್ಲಿ ಅಂತ." ಅವರು ಪೆನ್ನಿನ ಮುಚ್ಚಳ ಹಾಕುತ್ತಾರೆ, ತೆಗೆಯುತ್ತಾರೆ. "ಶುದ್ಧ."

ಜೋಡಿಗೆ ಮುಂಚೆ ಎರಡಕ್ಕೂ ರಕ್ತಪರೀಕ್ಷೆ ಮಾಡಿಸಿ ಎಂದು ಬೇಡಿದ್ದಕ್ಕೆ ಚಾಂಪಿಯನ್ನನ ಯಜಮಾನರ ಫೋನು ಬಂತು. "ಏನಮ್ಮಾ ಕುರ್ಚಿಯಮ್ಮ, ಗಾಯ ತೊಳ್ಕೊಂಡಿರೋದು ಬಿಟ್ಟು ನಾಯಿಗಳ ಜಾತಕ ಬರೀತೀರಂತೆ?"

"ಜಾತಕ ನೀವು ಬರ್ಕೊಡ್ತೀರಲ್ಲ ಸಾರ್, ನಾಲ್ಕು ತಲೆಮಾರಿಂದು. ಅದ್ರಲ್ಲಿ ಗೆದ್ದ ಕಪ್ಪು ಎಷ್ಟು ಅಂತ ಇರುತ್ತೆ, ಹೋದ ಕಣ್ಣು ಎಷ್ಟು ಅಂತ ಇರಲ್ಲ. ಬಿಟ್ಟುಹೋದದ್ದಷ್ಟೇ ನಾನು ಬರೀತೀನಿ."

ಪರೀಕ್ಷೆಯಿಲ್ಲದೆ ಮರಿಗಳಿಗೆ ವಂಶಪತ್ರ ಕೊಡಕೂಡದೆಂದು ಕೇಳಲು ಕಳೆದ ತಿಂಗಳು ಅವರು ಶ್ವಾನ ಸಂಘದ ಸಭೆಗೆ ಹೋದರು. ಸಭೆ ಅಧ್ಯಕ್ಷರ ಮನೆಯ ಹಜಾರದಲ್ಲಿ, ದೀಪ ಹಚ್ಚುವ ಹೊತ್ತಿಗೆ. ಅಧ್ಯಕ್ಷರ ಕಾಲ ಬಳಿ ಮಲಗಿದ್ದದ್ದು ಚಾಂಪಿಯನ್ನನದೇ ಮಗ. ಅಮ್ಮ ರಿಜಿಸ್ಟರ್ ಓದಿದರು. ಯಾರೋ ಆಕಳಿಸಿದರು. ಆಗ ಅವರು ಎದ್ದು, ಪತ್ರಿಕೆ ಇಡುವ ಸ್ಟೂಲನ್ನು ಎರಡಡಿ ಸರಿಸಿ, ಮೂಲೆಗೆ ನಿಂತು ನಾಯಿಯನ್ನು ಕರೆದರು. ಅದು ಬಂತು. ಸ್ಟೂಲು ಉರುಳಿತು, ಪತ್ರಿಕೆಗಳು ನೆಲಕ್ಕೆ ಚೆಲ್ಲಿದವು.

"ಇವನು ಮೊದ್ಲಿಂದ್ಲೂ ಸ್ವಲ್ಪ ದಡ್ಡ," ಎಂದರು ಅಧ್ಯಕ್ಷರು. ಸಭೆ ನಕ್ಕಿತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವರದು ಮುದ್ದೂ ಅಲ್ಲ, ಮುದ್ದಿದ್ದವರು ಬಗ್ಗಿ ಒಮ್ಮೆ ಅದರ ಮೂತಿ ಸವರುತ್ತಿದ್ದರು. ಸವರಿದ್ದು ಅಮ್ಮ. ಅಲ್ಲೇ ಮಂಡಿಯೂರಿ ಅದರ ಕಿವಿಯ ನಂಬರ್ ಓದಿ ಬರೆದುಕೊಂಡರು.

"ನಂಗೇನು ಸನ್ಮಾನ ಬೇಡ, ಶಾಲು ಹೊದಿಸ್ಕೊಂಡು ಎಲ್ಲಿಗೆ ಹೋಗ್ಲಿ," ಎನ್ನುತ್ತಾರೆ ಈಗ, ಕುರ್ಚಿಯನ್ನು ಅದರ ಜಾಗಕ್ಕೆ ಎಳೆಯುತ್ತ. "ಈ ಪುಸ್ತಕದಲ್ಲಿ ಒಂದು ವರ್ಷ ಬರಿಯೋದಕ್ಕೆ ಏನೂ ಇಲ್ದೆ ಇರ್ಲಿ. ಅಷ್ಟು ಸಾಕು."

ಈ ಮಾತಾಗಿ ಎರಡು ವಾರ. ಈಗ ಸಂಘ ತೀರ್ಮಾನ ಕೈಗೊಂಡಿದೆ. ವಂಶಪತ್ರದ ಅರ್ಜಿಯಲ್ಲಿ ರಕ್ತಪರೀಕ್ಷೆಗೊಂದು ಕಾಲಂ ಸೇರಿದೆ. ತುಂಬುವುದು ಅವರವರ ಇಚ್ಛೆ. ಚಾಂಪಿಯನ್ನನಿಗೂ ಅದರ ಮಗಳಿಗೂ ಹೋದ ಸೋಮವಾರ ಜೋಡಿಯಾಗಿದೆ. ಹುಟ್ಟಲಿರುವ ಮರಿಗಳ ಅರ್ಜಿ ಈಗಲೇ ಸಂಘಕ್ಕೆ ಬಂದಿದೆ, ಅದರಲ್ಲಿ ಆ ಕಾಲಂ ಖಾಲಿ ಇದೆ.