ಭಾವನ ಅಂಗಿ, ಚಿಕ್ಕಮ್ಮನ ವರದಿ

ನನ್ನ ಚಿಕ್ಕಮ್ಮನ ಕೆಲಸ ಏನೆಂದು ಯಾರಾದರೂ ಕೇಳಿದರೆ ತಲೆ ಕೆರೆದುಕೊಳ್ಳುತ್ತೇನೆ. ಸಾಫ್ಟ್‌ವೇರ್ ಮಾಡಿಸಿದವರೂ ಮಾಡಿಕೊಟ್ಟವರೂ ಕಿತ್ತಾಡಿಕೊಂಡು ಕೋರ್ಟು ಮೆಟ್ಟಿಲು ಹತ್ತಿದಾಗ, ಕೆಟ್ಟದ್ದೆಲ್ಲಿ ಎಂದು ಪರೀಕ್ಷಿಸಿ ನ್ಯಾಯಾಧೀಶರಿಗೆ ವರದಿ ಕೊಡುವವಳು ಅವಳು. ವಕೀಲರು ಕಂತೆಗಟ್ಟಲೆ ಕಾಗದ ತಂದು ಸುರಿದರೆ, "ಆಮೇಲೆ ಓದ್ತೀನಿ. ಮೊದಲು ಓಡಿಸಿ ತೋರಿಸಿ," ಎನ್ನುತ್ತಾಳೆ. ಇಂಥ ಇನ್ನೊಬ್ಬ ಮೊಂಡಿಯನ್ನು ನಾನು ಕಂಡಿಲ್ಲ. ಅವಳೆಂದರೆ ನನಗೆ ಪ್ರಾಣ.

ಲಾಂಡ್ರಿ ಕೇಸು ಮಾತ್ರ ಅವಳಿಗೂ ಇರಿಸುಮುರಿಸು ತಂದಿತು. ಲಾಂಡ್ರಿ ಯಜಮಾನನಿಗೆ ಬಟ್ಟೆ ಲೆಕ್ಕದ ಸಾಫ್ಟ್‌ವೇರ್ ಬರೆದುಕೊಟ್ಟವನು ಅವನ ಹೆಂಡತಿಯ ಸ್ವಂತ ತಮ್ಮ. ಗಿರಾಕಿಗಳ ಬಟ್ಟೆ ದಿಕ್ಕಾಪಾಲಾಗಿ ಯಜಮಾನ ಕೇಸು ಜಡಿದಿದ್ದ. ಅಂದಿನಿಂದ ಭಾವ-ಮೈದುನ ಎಣ್ಣೆ-ಸೀಗೆಕಾಯಿ.

"ಯಾರಾದ್ರೂ ಗೆಲ್ಲಲಿ, ನನ್ನ ತಮ್ಮ ಮನೆಗೆ ಬರೋ ಹಾಗಾದ್ರೆ ಸಾಕು," ಎಂದು ಆ ಅಕ್ಕ ಚಿಕ್ಕಮ್ಮನೆದುರು ಕಣ್ಣೊರೆಸಿಕೊಂಡಳು. ಚಿಕ್ಕಮ್ಮ ಮಾತು ಕೊಡಲಿಲ್ಲ. ಕೋರ್ಟು ಕಳಿಸಿದವಳು ಯಾರ ಕಡೆಯವಳೂ ಆಗುವಂತಿಲ್ಲ.

ಲಾಂಡ್ರಿಗೇ ಹೋಗಿ, ಇಸ್ತ್ರಿಯ ಹಬೆಯ ನಡುವೆ ಕಂಪ್ಯೂಟರ್ ಮುಂದೆ ಕೂತು ತಮ್ಮನನ್ನು ಕೇಳಿದಳು: "ಇದನ್ನ ಯಾವ ಬಟ್ಟೆ ಇಟ್ಕೊಂಡು ಟೆಸ್ಟ್ ಮಾಡಿದ್ರಿ?"

"ಭಾವನ ಅಂಗಿ," ಎಂದ ತಮ್ಮ.

"ಬರೀ ಅಂಗಿ?"

"ಗಿರಾಕಿ ಬಟ್ಟೆ ಮುಟ್ಟಬೇಡ ಅಂದಿದ್ರು. ಭಾವಂಗೆ ಎದುರು ಮಾತಾಡೋಕಾಗುತ್ತಾ?"

ಭಾವನೋ, ಬಿಳಿ ಅಂಗಿ ಬಿಟ್ಟು ಬೇರೆ ತೊಟ್ಟ ಆಸಾಮಿಯೇ ಅಲ್ಲ. ಅಂಗಿ ಒಂಟಿ, ಕೋಟು-ಪ್ಯಾಂಟು ಜೋಡಿ. ಚಿಕ್ಕಮ್ಮ ಜೋಡಿ ಇಟ್ಟು ಓಡಿಸಿ ನೋಡಿದಳು. ಒಂದೇ ಚೀಟಿಯ ಜೋಡಿಯಲ್ಲಿ ಒಂದು ತಯಾರಾದರೆ ಸಾಕು, ಎರಡೂ ತಯಾರೆಂದು ಕಂಪ್ಯೂಟರ್ ಲೆಕ್ಕ ಮುಗಿಸಿಬಿಡುತ್ತಿತ್ತು. ಪ್ಯಾಂಟು ಗಿರಾಕಿಯ ಮನೆಗೆ, ಕೋಟು ಲಾಂಡ್ರಿಯಲ್ಲೇ!

"ಅವರು ಬೇರೆ ಬಟ್ಟೆ ಕೇಳಲಿಲ್ಲ, ನೀವು ಕೊಡಲಿಲ್ಲ," ಎಂದಳು ಚಿಕ್ಕಮ್ಮ ಭಾವನಿಗೆ. " ತಪ್ಪು ಇಬ್ಬರದ್ದೂ. ಹೀಗೇ ಬರೀತೀನಿ."

ವಕೀಲರಿಬ್ಬರೂ ಇಂಗು ತಿಂದ ಮಂಗನಂತಾದರು. ವರದಿ ಓದಿದ ಕೋರ್ಟು ರಾಜಿಗೆ ಅವಕಾಶ ಕೊಟ್ಟಿತು. ತಮ್ಮ ಸಾಫ್ಟ್‌ವೇರ್ ಸರಿಮಾಡಿ, ಚಿಕ್ಕಮ್ಮನೆದುರು ಓಡಿಸಲು ಲಾಂಡ್ರಿಗೆ ತಂದ.

ಈ ಸಲ ಟೆಸ್ಟಿಗೆ ಅಕ್ಕನೇ ಒಂದು ನೀಲಿ ಕೋಟು ತಂದಳು. ತಮ್ಮನದೇ. ಜಗಳಕ್ಕೆ ಮುಂಚೆ ಒಗೆಯಲು ಕೊಟ್ಟಿದ್ದು, ಪ್ಯಾಂಟು ಮಾತ್ರ ಅವನ ಮನೆ ಸೇರಿತ್ತು. ಚೀಟಿಯ ನಂಬರ್ ಒತ್ತಿದರೆ ಪರದೆಯ ಮೇಲೆ ಕೆಂಪಕ್ಷರ ಬಂತು: ಕೊಡುವಂತಿಲ್ಲ, ಪ್ಯಾಂಟು ಬಂದಿಲ್ಲ.

ಚಿಕ್ಕಮ್ಮ ಚಪ್ಪಾಳೆ ತಟ್ಟಿಯೇಬಿಟ್ಟಳು.

"ಪ್ಯಾಂಟು ಎಲ್ಲೋ?" ಎಂದಳು ಅಕ್ಕ.

"ಮನೇಲಿದೆ, ಅಕ್ಕಾ."

"ಹೋಗಿ ತಗೊಂಡು ಬಾ. ಊಟಕ್ಕೆ ಕಾಯ್ತಿರ್ತೀನಿ."

ತಮ್ಮ ಭಾವನ ಮುಖ ನೋಡಿದ. ಭಾವ ಗೋಡೆ ನೋಡಿದ, ಕೆಮ್ಮಿದ, ಬಿಳಿ ಅಂಗಿಯ ಜೇಬಿಗೆ ಕೈಹಾಕಿ ಕೀಲಿ ತೆಗೆದ.

"ನಡ್ಕೊಂಡು ಹೋದ್ರೆ ಊಟ ಆರೋಗುತ್ತೆ. ನನ್ನ ಸ್ಕೂಟರ್ ತಗೊಂಡು ಹೋಗು."